ಬರಬಾರದು ಅಂದುಕೊಂಡ ರೈಲು: ಮೈಸೂರಿನ ಒಂದು ಸಣ್ಣ ವ್ಯಾಪಾರದ ಪ್ರಕರಣ ಅಧ್ಯಯನ

ಇದು ಟೆಂಟು ಬಾಡಿಗೆಗೆ ಕೊಟ್ಟು, ಓಡಾಟ ನಿಂತ ಘಟ್ಟದ ರೈಲು ಹಳಿ ಮೇಲೆ ಜನರನ್ನು ನಡೆಸಿಕೊಂಡು ಹೋಗುತ್ತಿದ್ದ ಮೈಸೂರಿನ ಒಂದು ಸಣ್ಣ ಅಂಗಡಿಯ ಕಥೆ. ಹೆಸರು, ಬೀದಿ, ಬೋರ್ಡು ಯಾವುದನ್ನೂ ಹೇಳುವುದಿಲ್ಲ. ಮಾಲೀಕರನ್ನು ಇಲ್ಲಿ ಮೇಷ್ಟ್ರು ಅಂತ ಕರೆಯುತ್ತೇನೆ. ಒಂದು ಕಾಲದಲ್ಲಿ ಅವರು ಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದವರು. ಅವರ ಲೆಕ್ಕದ ಪುಸ್ತಕ ವರ್ಷಕ್ಕೊಮ್ಮೆ ನನ್ನ ಮೇಜಿಗೆ ಬರುತ್ತಿತ್ತು. ಹಾಗಾಗಿ ಇದರಲ್ಲಿ ಅರ್ಧ ನಾನು ಕೇಳಿದ್ದು, ಅರ್ಧ ಕಣ್ಣಾರೆ ಕಂಡಿದ್ದು. ಬರೆಯುತ್ತೇನೆ ಅಂದಾಗ ಅವರು ಒಂದೇ ಮಾತು ಹೇಳಿದರು. "ಬರೀರಿ, ಆದ್ರೆ ನಾನು ಮೂರು ಸಲ ಮಾತು ತಪ್ಪಿದ್ದು ಬಿಡಬೇಡಿ."

ಹಿನ್ನೆಲೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಘಟ್ಟ ಇಳಿಯುವ ರೈಲು ದಾರಿ ಸುಮಾರು 55 ಕಿಲೋಮೀಟರ್. ಅದರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ನಡೆಯುವವನ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಸರಕು ತುಂಬಿದ ಗಾಡಿಗೆ ಮಾತ್ರ ಅದು ಜಾರುಬಂಡೆ. ಹಾಸನ-ಮಂಗಳೂರು ಮೀಟರ್ ಗೇಜ್ ದಾರಿ 1979ರಲ್ಲಿ ಶುರುವಾಗಿತ್ತು. 1996ರಲ್ಲಿ ಬ್ರಾಡ್ ಗೇಜ್‌ಗೆ, ಅಂದರೆ ಇನ್ನೂ ಅಗಲದ ಹಳಿಗೆ, ಬದಲಿಸಬೇಕು ಅಂತ ಘಟ್ಟದ ಭಾಗದಲ್ಲಿ ಓಡಾಟ ನಿಲ್ಲಿಸಿದರು.

ಹಾಗೆ ನಿಂತದ್ದು ಹತ್ತು ವರ್ಷ ನಿಂತೇ ಇತ್ತು.

ಆ ಹತ್ತು ವರ್ಷ ಈ ದಾರಿಯ ಗತಿ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಕುಕ್ಕೆಗೆ ಹೋಗುವವರು ಬಸ್ಸಿನಲ್ಲಿ ಶಿರಾಡಿ ಘಾಟಿಯ ಗುಂಡಿ ಎಣಿಸುತ್ತಾ "ರೈಲು ಯಾವಾಗ ಬಿಡ್ತಾರೋ" ಅನ್ನುತ್ತಿದ್ದರು. ಮುಂದಿನ ಬಜೆಟ್ಟಲ್ಲಿ ದುಡ್ಡು ಕೊಡ್ತಾರೆ ಅಂತ ಒಬ್ಬರು, ಅದರ ಕಥೆ ಮುಗೀತು ಅಂತ ಇನ್ನೊಬ್ಬರು. ಘಟ್ಟದ ರೈಲು ದಾರಿ ಒಮ್ಮೆ ನಿಂತರೆ ಮತ್ತೆ ಬಂದೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ ನೋಡಿ. ಮುನ್ನಾರಿನಲ್ಲಿ ಚಹಾ ಸಾಗಿಸಲು ಹಾಕಿದ್ದ ಪುಟ್ಟ ರೈಲು 1924ರ ದೊಡ್ಡ ನೆರೆಯಲ್ಲಿ ಕೊಚ್ಚಿಹೋಯಿತು. ಅದು ಇವತ್ತಿಗೂ ಬಂದಿಲ್ಲ. ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿನ ಫುರ್ಕಾ ಕಣಿವೆಯಲ್ಲಿ 1982ರಲ್ಲಿ ಕೆಳಗೆ ಹೊಸ ಸುರಂಗ ಬಂದು ಮೇಲಿನ ಹಳೆಯ ದಾರಿ ಅನಾಥವಾದಾಗ, ಹವ್ಯಾಸಿಗಳೇ ಸೇರಿ ತುಂಡುತುಂಡಾಗಿ ಅದನ್ನು ಮತ್ತೆ ಓಡಿಸಿದರು. ಕೊನೆಯ ತುಂಡು ಮುಗಿದದ್ದು 2010ರಲ್ಲಿ. ಹೀಗೆ ಎರಡೂ ಉಂಟು. ನಮ್ಮ ಘಟ್ಟದ ದಾರಿ ಇವೆರಡರಲ್ಲಿ ಯಾವ ಕಡೆಗೆ ಅನ್ನೋದು 1998ರಲ್ಲಿ ಯಾರೂ ಎದೆ ತಟ್ಟಿ ಹೇಳುವ ಹಾಗಿರಲಿಲ್ಲ.

ಮೇಷ್ಟ್ರು ಕೆಲಸ ಬಿಟ್ಟದ್ದು ಅದೇ ವರ್ಷ. ಅಕ್ಕನ ಗಂಡ ಸ್ವಲ್ಪ ದುಡ್ಡು ಹಾಕಿದರು. ಹತ್ತಡಿ ಅಗಲದ ಅಂಗಡಿಯಲ್ಲಿ ಟೆಂಟು, ಬೆನ್ನಿಗೆ ಹಾಕುವ ಚೀಲ, ಟಾರ್ಚು ಬಾಡಿಗೆಗೆ ಕೊಡುವುದು, ಶನಿವಾರ ಭಾನುವಾರ ಜನರನ್ನು ಬೆಟ್ಟಕ್ಕೆ ಕರೆದೊಯ್ಯುವುದು. ಮೊದಲ ಆರು ತಿಂಗಳು ಬಾಡಿಗೆ ಕಟ್ಟಲಿಕ್ಕೂ ಕಷ್ಟವಾಯಿತು. ಆಮೇಲೆ ಯಾರೋ ಹಳೆ ಶಿಷ್ಯ ಬಂದು, ಘಟ್ಟದ ಹಳಿ ಮೇಲೆ ನಡೆದು ಬಂದೆವು ಸಾರ್ ಅಂತ ಫೋಟೋ ತೋರಿಸಿದ. ಅಲ್ಲಿಗೆ ಅಂಗಡಿಯ ದಿಕ್ಕು ಬದಲಾಯಿತು.

ಶುಕ್ರವಾರ ರಾತ್ರಿ ಮೈಸೂರು ಬಸ್ ಸ್ಟ್ಯಾಂಡಿನಿಂದ ಹಾಸನದ ಬಸ್ಸು. ಬೆಳಗಿನ ಜಾವ ಸಕಲೇಶಪುರ. ದೋಣಿಗಲ್‌ನಲ್ಲಿ ಹೆದ್ದಾರಿ ಬಿಟ್ಟು ಹಳಿಗೆ ಇಳಿದರೆ ಸಂಜೆಗೆ ಯಡಕುಮರಿ ನಿಲ್ದಾಣ. ಅಲ್ಲಿಗೆ ಆಗ ಮೋಟಾರು ಹೋಗುವ ಒಳ್ಳೆ ರಸ್ತೆಯೂ ಇರಲಿಲ್ಲ. ರಾತ್ರಿ ಪ್ಲಾಟ್‌ಫಾರ್ಮಿನ ಮೇಲೆ ಮಲಗುವುದು. ಮಾರನೇ ದಿನ ಕಾಡೊಳಗೆ ಇಳಿದು ಕೆಂಪುಹೊಳೆ ದಾಟಿ ಗುಂಡ್ಯದ ಹತ್ತಿರ ಬಸ್ಸು ಹಿಡಿಯುವುದು.

ನಾನೂ ಒಂದು ಸಲ ಹೋಗಿದ್ದೆ, 2000ದ ನವೆಂಬರಿನಲ್ಲಿ. ತುಕ್ಕು ಹಿಡಿದ ಹಳಿಯ ನಡುವೆ ಲಂಟಾನ ಬೆಳೆದಿತ್ತು. ಸುರಂಗದೊಳಗೆ ಹೋದರೆ ಬಾವಲಿ ವಾಸನೆ, ಮೇಲಿನಿಂದ ತಟತಟ ನೀರು. ಸೇತುವೆಗಳ ಮೇಲೆ ಸ್ಲೀಪರ್‌ಗಳ, ಅಂದರೆ ಹಳಿ ಕೆಳಗಿನ ಅಡ್ಡಪಟ್ಟಿಗಳ, ನಡುವೆ ಬರೀ ಗಾಳಿ. ಕೆಳಗೆ ಮರದ ನೆತ್ತಿ ಕಾಣುತ್ತಿತ್ತು, ಹೊಳೆ ಎಲ್ಲೋ ಅದರ ಕೆಳಗೆ. ನಾನು ಎರಡು ಸೇತುವೆ ಕೂತು ದಾಟಿದೆ, ನಾಚಿಕೆ ಏನಿಲ್ಲ. ಸಾಕ್ಸಿನೊಳಗೆ ಇಂಬಳ ಹೊಕ್ಕಿತ್ತು. ಮೇಷ್ಟ್ರು ಸುಣ್ಣ ಹೊಗೆಸೊಪ್ಪು ಕಲಸಿ ಬಟ್ಟೆಯ ಗಂಟು ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡಿದ್ದರು. ಅದನ್ನು ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಇಂಬಳ ಮುದುರಿ ಬೀಳುತ್ತಿತ್ತು. ರಾತ್ರಿ ಪ್ಲಾಟ್‌ಫಾರ್ಮಿನ ಮೇಲೆ ಬೆಳಗ್ಗೆ ಕಟ್ಟಿಸಿಕೊಂಡು ಬಂದ ಪುಳಿಯೋಗರೆ. ಅದರಷ್ಟು ರುಚಿಯಾದ ಪುಳಿಯೋಗರೆ ಆಮೇಲೆ ತಿಂದಿಲ್ಲ.

ಸಮಸ್ಯೆ

ಮೂರು ವರ್ಷದಲ್ಲಿ ಲೆಕ್ಕದ ಪುಸ್ತಕ ಒಂದು ವಿಷಯ ಹೇಳತೊಡಗಿತು. ಅಂಗಡಿಗೆ ಬರುವ ಹತ್ತು ರೂಪಾಯಿಯಲ್ಲಿ ಏಳು ಈ ಒಂದು ನಡಿಗೆಯದು. ಟೆಂಟು ಬಾಡಿಗೆಗೆ ಹೋಗುವುದೂ ಇದಕ್ಕೇ, ಹೊಸ ಗಿರಾಕಿ ಬರುವುದೂ ಇದರ ಮಾತು ಕೇಳಿಯೇ. ಮೇಷ್ಟ್ರಿಗೆ ಅದು ಹೆಮ್ಮೆ. ನನಗೆ ದಿಗಿಲು.

ಒಂದು ಸಲ ಕೇಳಿದೆ, "ಮೇಷ್ಟ್ರೇ, ರೈಲು ಬಂದ್ರೆ?"

"ಎಲ್ಲಿ ಬರುತ್ತೆ ಬಿಡಿ ಸಾರ್. ಗಿಡ ಬೆಳೆದಿದೆ ಹಳಿ ಮೇಲೆ."

ಊರಿಗೆಲ್ಲ ರೈಲು ಬರಲಿ ಅನ್ನುವ ಹರಕೆ, ಇವರೊಬ್ಬರಿಗೆ ಬರದಿರಲಿ ಅನ್ನುವ ಹರಕೆ. ಈ ಪ್ರಕರಣ ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಅನ್ನಿಸಿದ್ದು ಇಲ್ಲೇ. ಮುಚ್ಚಿದ ಗಿರಣಿ, ಪಾಳುಬಿದ್ದ ಬಂಗಲೆ, ಅರ್ಧಕ್ಕೆ ನಿಂತ ರಸ್ತೆ, ಹೀಗೆ ಯಾರೋ ಬಿಟ್ಟುಹೋದ ಜಾಗದ ಮೇಲೆ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಬಹಳ ಜನ. ಜಾಗ ತಮ್ಮದಲ್ಲ ಅಂತ ಅವರಿಗೆ ಗೊತ್ತು. ಬಿಡಬೇಕಾದ ದಿನ ಯಾವುದು ಅಂತ ಮಾತ್ರ ಗೊತ್ತಿರುವುದಿಲ್ಲ. ಗೊತ್ತಿಲ್ಲದ ದಿನ ಬಹಳ ದೂರ ಇದೆ ಅಂತಲೇ ಮನಸ್ಸಿಗೆ ಕಾಣುತ್ತದೆ.

ಇನ್ನೊಂದು ಗಂಟೂ ಇತ್ತು. ರೈಲು ಓಡದಿದ್ದರೂ ಹಳಿ ರೈಲ್ವೆಯದೇ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೈಲು ನಿಂತಿದೆ ಅಂದಮಾತ್ರಕ್ಕೆ ಅದು ಊರ ದಾರಿಯಾಗುವುದಿಲ್ಲ. ಮೇಷ್ಟ್ರು ಶುರುವಿನಲ್ಲಿ ಸಿಬ್ಬಂದಿಯೊಬ್ಬರನ್ನು ಬಾಯಿಮಾತಲ್ಲಿ ಕೇಳಿದ್ದರು. ಅವರು ನಕ್ಕು, "ನಾನು ನಿಮ್ಮನ್ನ ನೋಡಿಲ್ಲ" ಅಂದರಂತೆ. ಅದನ್ನೇ ಮೇಷ್ಟ್ರು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿದರು. ನನ್ನ ಪ್ರಕಾರ ಈ ಕಥೆಯ ಮೊದಲ ತಪ್ಪು ಇದು. ಅವರು ಎಣಿಸುವ ಮೂರರಲ್ಲಿ ಇದು ಸೇರಿಲ್ಲ, ನಾನು ಸೇರಿಸುತ್ತಿದ್ದೇನೆ. ಲಿಖಿತವಾಗಿ ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಕ್ಯಾಲೆಂಡರಿನ ಹಿಂದೆ ಬರೆದ ಒಂದು ಸಾಲು

2003ರಲ್ಲಿ ಗಾಳಿ ತಿರುಗಿತು. ಈ ದಾರಿಯನ್ನು ಬ್ರಾಡ್ ಗೇಜ್ ಮಾಡಲಿಕ್ಕೆಂದೇ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಮಾಡಿದವು. ಆ ಹೊತ್ತಿಗೆ ಕಬ್ಬಿಣದ ಅದಿರಿಗೆ ಹೊರದೇಶದಲ್ಲಿ ಒಳ್ಳೆ ಬೆಲೆ ಬರತೊಡಗಿತ್ತು. ಅದಿರು ಮಂಗಳೂರಿನ ಬಂದರು ಸೇರಬೇಕಾದರೆ ಘಟ್ಟ ಇಳಿಯಬೇಕು, ಲಾರಿಗಳು ಆಗಲೇ ರಸ್ತೆಯನ್ನು ಪುಡಿ ಮಾಡಿದ್ದವು. ಕುಕ್ಕೆಯ ಭಕ್ತರು ವರ್ಷಗಟ್ಟಲೆ ಕೇಳಿದರೂ ಆಗದ ಕೆಲಸಕ್ಕೆ ಅದಿರು ಸೇರಿಕೊಂಡ ಮೇಲೆ ವೇಗ ಬಂತು. ನಿಂತ ದಾರಿಯೊಂದರ ಗತಿ ಏನಾಗಬಹುದು ಅಂತ ಯಾರಾದರೂ ಕೇಳಿದರೆ, ಅದರ ಮೇಲೆ ಏನು ಸಾಗುತ್ತೆ, ಅದಕ್ಕೆ ದುಡ್ಡು ಕೊಡುವವರು ಯಾರು ಅಂತ ಮೊದಲು ನೋಡಿ ಅನ್ನುತ್ತೇನೆ. ಮೇಷ್ಟ್ರು ನೋಡುತ್ತಿದ್ದದ್ದು ಹಳಿ ಮೇಲೆ ಬೆಳೆದ ಗಿಡವನ್ನು. ನೋಡಬೇಕಾಗಿದ್ದದ್ದು ಬಂದರನ್ನು.

ಭಾವ ವ್ಯಾಪಾರಸ್ಥರು, ಪೇಪರಿನಲ್ಲಿ ಸುದ್ದಿ ಓದಿದ ದಿನವೇ ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ.

"ನೋಡಪ್ಪ, ಇದಕ್ಕೆ ಒಂದು ಕೊನೆ ದಿನ ಅಂತ ಇಟ್ಕೋ. ಇವತ್ತೇ ಇಟ್ಕೋ. ಆಮೇಲೆ ಆಸೆ ಬಿಡಲ್ಲ."

"ಆಯ್ತು ಭಾವ, ಮೊದಲನೇ ಎಂಜಿನ್ ಬಂದ ದಿನ ಬಂದ್."

"ಬರೆದಿಡು."

ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೆಗೆದು ಹಿಂದುಗಡೆ ಬಾಲ್ ಪೆನ್ನಿನಲ್ಲಿ ಬರೆದರು: ಮೊದಲ ಎಂಜಿನ್ ಬಂದ ದಿನ ಬಂದ್. ಕೆಳಗೆ ಸಹಿ. ಭಾವ ತಮಾಷೆಗೆ ತಾವೂ ಒಂದು ಸಹಿ ಹಾಕಿದರು. ವರ್ಷ ಮುಗಿದು ಹೊಸ ಕ್ಯಾಲೆಂಡರ್ ಬಂದರೂ ಹಳೆಯದನ್ನು ಬಿಸಾಡಲಿಲ್ಲ. ಹೊಸದು ಅದರ ಮೇಲೆ ಕೂತಿತು.

ಇಷ್ಟರವರೆಗೆ ಅವರು ಮಾಡಿದ್ದು ಒಳ್ಳೆಯ ಕೆಲಸ ಅಂತಲೇ ಹೇಳಬೇಕು. ಗಲಾಟೆ ಇಲ್ಲದ ಹೊತ್ತಲ್ಲಿ ಕೂತು ಗೆರೆ ಎಳೆದರು. ತೊಂದರೆ ಇದ್ದದ್ದು ಗೆರೆಯ ಮಾತಿನಲ್ಲಿ. "ಎಂಜಿನ್" ಅಂದರೆ ಯಾವುದು?

ಮೂರು ಸಲ ಸರಿದ ಗೆರೆ

ಹೊಸ ಹಳಿ ಬಿತ್ತು. ಮೀಟರ್ ಗೇಜ್ ಅಂದರೆ ಎರಡು ಹಳಿ ನಡುವೆ ಒಂದು ಮೀಟರ್, ಬ್ರಾಡ್ ಗೇಜ್ ಅಂದರೆ 1.676 ಮೀಟರ್. ಕಾಂಕ್ರೀಟ್ ಸ್ಲೀಪರ್, ಹೊಸ ಜಲ್ಲಿ. ಹೊಸ ಜಲ್ಲಿ ಬ್ಲೇಡಿನ ಹಾಗೆ, ಕ್ಯಾನ್ವಾಸ್ ಶೂ ಒಂದೇ ನಡಿಗೆಗೆ ಹರಿಯುತ್ತಿತ್ತು. ಸ್ಲೀಪರ್‌ಗಳ ಅಂತರವೂ ಹೆಜ್ಜೆಗೆ ಕೂರುತ್ತಿರಲಿಲ್ಲ, ಒಂದೊಂದಕ್ಕೆ ಇಟ್ಟರೆ ಗಿಡ್ಡ, ಎರಡಕ್ಕೆ ಹಾರಿದರೆ ಉದ್ದ. ಆದರೂ ಜನ ಕಡಿಮೆಯಾಗಲಿಲ್ಲ. "ಮುಚ್ಚೋ ಮೊದಲು ಒಂದ್ಸಲ ಹೋಗಿ ಬರೋಣ" ಅಂತ ಇನ್ನೂ ಜಾಸ್ತಿ ಬಂದರು. ಅಂಗಡಿಯ ಒಳ್ಳೆ ವರ್ಷ ಅಂದರೆ ಅದೇ. ಕಡೆಗಾಲದ ವ್ಯಾಪಾರ ಯಾವಾಗಲೂ ಜೋರು, ಮದುವೆ ಸೀಸನ್ನಿನ ಕೊನೆ ಮುಹೂರ್ತದ ಹಾಗೆ.

ಮೊದಲು ಕಂಡದ್ದು ಜಲ್ಲಿ ತರುವ ಕೆಲಸದ ಗಾಡಿ. ಅದಕ್ಕೂ ಎಂಜಿನ್ ಇರುತ್ತಲ್ಲ? ಮೇಷ್ಟ್ರು ಅಂದರು, "ಅದು ಜಲ್ಲಿ ಗಾಡಿ ಸಾರ್, ರೈಲಲ್ಲ." ಇದು ಒಂದನೇ ಸಲ.

2006ರ ಮೇ ತಿಂಗಳಲ್ಲಿ ಗೂಡ್ಸ್ ಓಡಲು ಶುರುವಾಯಿತು. ಈಗಲಾದರೂ ನಿಲ್ಲಿಸುತ್ತಾರೆ ಅಂದುಕೊಂಡೆ. "ಗೂಡ್ಸ್ ತಾನೆ, ದಿನಕ್ಕೆ ಒಂದೋ ಎರಡೋ. ಪ್ಯಾಸೆಂಜರ್ ಬಿಟ್ಟಾಗ ಖಂಡಿತ ನಿಲ್ಲಿಸ್ತೀನಿ." ಇದು ಎರಡನೇ ಸಲ. ಕೇಳಲಿಕ್ಕೆ ಸರಿ ಅನ್ನಿಸುವ ಈ ಮಾತಿನಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಪ್ಯಾಸೆಂಜರ್ ಗಾಡಿಗೆ ವೇಳಾಪಟ್ಟಿ ಇರುತ್ತದೆ, ಯಾವ ಹೊತ್ತಿಗೆ ಎಲ್ಲಿರುತ್ತದೆ ಅಂತ ಯಾರು ಬೇಕಾದರೂ ಕೇಳಿ ತಿಳಿಯಬಹುದು. ಗೂಡ್ಸಿಗೆ ಅಂಥದ್ದಿಲ್ಲ. ಸರಕು ತುಂಬಿ ದಾರಿ ಸಿಕ್ಕಾಗ ಹೊರಡುವುದು. ನಡೆಯುವವನಿಗೆ ಗೂಡ್ಸೇ ಜಾಸ್ತಿ ಅಪಾಯ. ಅದೂ ಈ ಘಟ್ಟದಲ್ಲಿ ಹತ್ತುವ ಗಾಡಿಗೆ ಹಿಂದೆಯೂ ಎಂಜಿನ್ ಕಟ್ಟಿ ತಳ್ಳುತ್ತಾರೆ, ಅದರ ಮೊರೆತ ಎರಡು ತಿರುವು ಆಚೆಗೇ ಕೇಳುತ್ತದೆ. ಇಳಿಯುವ ಗಾಡಿ ಬ್ರೇಕ್ ಹಿಡಿದು ಮೆಲ್ಲಗೆ ಬರುತ್ತದೆ. ಪಕ್ಕದಲ್ಲಿ ಝರಿ ಬೀಳುತ್ತಿದ್ದರೆ ತೀರಾ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ.

ಆ ಮಳೆಗಾಲ ಮುಗಿದ ಮೇಲಿನ ಮೊದಲ ಗುಂಪಿಗೆ ಸುರಂಗದೊಳಗೆ ಗಾಡಿ ಸಿಕ್ಕಿತು. ಎಲ್ಲರೂ ಗೋಡೆಯ ಗೂಡುಗಳಿಗೆ ಒತ್ತಿಕೊಂಡರು. ಏನೂ ಆಗಲಿಲ್ಲ. ಹುಡುಗರಿಗೆ ಅದು ಥ್ರಿಲ್ಲು, ಮೈಸೂರಿಗೆ ಬಂದ ಮೇಲೆ ಅದನ್ನೇ ಹೇಳಿ ಇನ್ನೂ ಹತ್ತು ಜನರನ್ನು ಕಳಿಸಿದರು. ಮೇಷ್ಟ್ರು ನಿಲ್ಲಿಸುವ ಬದಲು ಏರ್ಪಾಡು ಮಾಡಿದರು. ಅರ್ಧ ಫರ್ಲಾಂಗ್ ಮುಂದೆ ಒಬ್ಬ ಹುಡುಗ, ಹಿಂದೆ ಒಬ್ಬ, ಇಬ್ಬರ ಕೈಯಲ್ಲೂ ಕೆಂಪು ಬಟ್ಟೆ, ಸೀಟಿ. ಗೂಡ್ಸ್ ಹೊರಟಿತಾ ಅಂತ ತಿಳಿಯಲು ಪರಿಚಯದವರಿಗೆ ಒಂದು ಫೋನು. ಇದು ಮೂರನೇ ಸಲ. ಮೂರರಲ್ಲಿ ಅಪಾಯದ್ದು ಇದೇ ಅಂತ ನನ್ನ ಅಭಿಪ್ರಾಯ. ಮೊದಲೆರಡರಲ್ಲಿ ಅವರು ತಮಗೆ ತಾವೇ ನೆಪ ಹೇಳಿಕೊಂಡಿದ್ದರು. ಇಲ್ಲಿ ನೆಪಕ್ಕೆ ಸುರಕ್ಷತೆಯ ಅಂಗಿ ತೊಡಿಸಿದರು. ಸೀಟಿ ಇದೆಯಲ್ಲ ಅಂತ ಮಕ್ಕಳ ಅಪ್ಪ ಅಮ್ಮಂದಿರೂ ಒಪ್ಪಿದರು. ಒಪ್ಪಿದವರಲ್ಲಿ ನನ್ನ ತಂಗಿಯೂ ಒಬ್ಬಳು. ಅವಳ ಮಗ ಆ ಡಿಸೆಂಬರಿನ ಗುಂಪಿನಲ್ಲಿದ್ದ.

ಸೇತುವೆ

ನಡೆದದ್ದು ಒಂದು ಸುರಂಗದಿಂದ ಹೊರಬಿದ್ದ ಕೂಡಲೇ ಸಿಗುವ, ತಿರುವಿನ ಮೇಲಿರುವ ಸೇತುವೆಯಲ್ಲಿ. ಗುಂಪಿನಲ್ಲಿ 26 ಜನ. ಮುಂದಿನ ಹುಡುಗ ಸೇತುವೆ ದಾಟಿ ಆಚೆ ಸುರಂಗದ ಬಾಯಿ ಸೇರಿದ್ದ. 18 ಜನ ದಾಟಿಯಾಗಿತ್ತು. 8 ಜನ ಸೇತುವೆ ಮೇಲೆ. ಗಾಡಿ ಬಂದದ್ದು ಹಿಂದಿನಿಂದ, ಇಳಿಯುವ ಗಾಡಿ. ಹಿಂದಿನ ಹುಡುಗ ಶೂ ಲೇಸ್ ಕಟ್ಟಲು ಕೂತಿದ್ದ. ಸುರಂಗದೊಳಗಿಂದ ಬೆಳಕು ಬಿದ್ದ ಮೇಲೆ ಸೀಟಿ ಊದಿದ. ಪಕ್ಕದಲ್ಲೇ ಝರಿ ಇತ್ತು. ಸೀಟಿ ಯಾರಿಗೂ ಕೇಳಲಿಲ್ಲ.

ಅವರಿಗೆ ಕೇಳಿದ್ದು ಎಂಜಿನ್ನಿನ ಹಾರನ್.

ಅಲ್ಲಿನ ಸೇತುವೆಗಳಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಚಾಚಿದ ಸಣ್ಣ ಕಟಕಟೆ ಇರುತ್ತದೆ, ಕಬ್ಬಿಣದ ಕಂಬಿಯದು. ಹಳಿ ನೋಡಿಕೊಳ್ಳುವ ಕೀಮನ್‌ಗಳು ಗಾಡಿ ಬಂದಾಗ ನಿಲ್ಲಲಿ ಅಂತ ಮಾಡಿದ್ದು. ಮೂರು ಜನ ನಿಂತರೆ ತುಂಬಿತು. ಮೇಷ್ಟ್ರು ಕೂಗಿ ಕೂಗಿ ಮೂರನ್ನು ಇಲ್ಲಿ, ಮೂರನ್ನು ಅಲ್ಲಿ ಅಂತ ನೂಕಿದರು. ಕೊನೆಗೆ ಉಳಿದದ್ದು ಅವರು ಮತ್ತು ಒಬ್ಬ ಹುಡುಗ. ಮೂರನೇ ಕಟಕಟೆಗೆ ಓಡಿದರು. ಓಡುವಾಗ ಹುಡುಗನ ಚೀಲದಿಂದ ಸ್ಟೀಲ್ ಡಬ್ಬಿ ಜಾರಿ ಸ್ಲೀಪರ್ ಸಂದಿಯಲ್ಲಿ ಕೆಳಗೆ ಬಿತ್ತು. ಅದು ಕೆಳಗೆ ಬಂಡೆಗೆ ಬಡಿದ ಸದ್ದು ಬಹಳ ಹೊತ್ತಾದ ಮೇಲೆ ಕೇಳಿತಂತೆ. "ಆ ಗ್ಯಾಪಲ್ಲಿ ನನಗೆ ಎಲ್ಲಾ ಅರ್ಥ ಆಯ್ತು" ಅಂತ ಮೇಷ್ಟ್ರು ನನಗೆ ಹೇಳಿದ್ದಾರೆ, ಒಂದೇ ಸಲ.

ಗಾಡಿ ಪೂರ್ತಿ ಹೋಗಲು ಎರಡು ನಿಮಿಷ ಹಿಡಿದಿರಬಹುದು. ವ್ಯಾಗನ್ನಿನ ಪಕ್ಕೆ ಮುಖದಿಂದ ಮೊಳದ ದೂರದಲ್ಲಿ, ಕಾಲ ಕೆಳಗಿನ ಕಂಬಿ ನಡುಗುತ್ತಾ, ಕೆಂಪು ದೂಳು ಬಾಯಿಗೆ. ಘಟ್ಟದಲ್ಲಿ ಗಾಡಿಗಳಿಗೆ ವೇಗದ ಮಿತಿ ಬಹಳ ಕಡಿಮೆ, ಗಂಟೆಗೆ 30 ಕಿಲೋಮೀಟರ್ ಆಸುಪಾಸು. ಎಂಟೂ ಜನ ಉಳಿದದ್ದು ಅದರಿಂದ. ಕೆಂಪು ಬಟ್ಟೆಯಿಂದಲೂ ಅಲ್ಲ, ಸೀಟಿಯಿಂದಲೂ ಅಲ್ಲ.

ಮೇಷ್ಟ್ರ ಜೊತೆ ಆ ಮೂರನೇ ಕಟಕಟೆಯಲ್ಲಿ ನಿಂತ ಹುಡುಗ ನನ್ನ ತಂಗಿಯ ಮಗ. ಮನೆಗೆ ಬಂದವನು ಮೂರು ದಿನ ಏನೂ ಹೇಳಲಿಲ್ಲ. ಡಬ್ಬಿ ಎಲ್ಲೋ ಅಂತ ಅವನ ಅಮ್ಮ ಕೇಳಿದಾಗ ಅತ್ತ.

ನಿಲ್ಲಿಸಿದ ಮೇಲೆ

ಸೋಮವಾರ ಬೆಳಗ್ಗೆ ಅಂಗಡಿ ತೆಗೆದವರೇ ಮೇಷ್ಟ್ರು ಮುಂದಿನ ನಾಲ್ಕು ಗುಂಪಿನ ಮುಂಗಡ ವಾಪಸ್ ಕೊಡಲು ಕೂತರು. ಕೆಲವರ ಮನೆಗೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬಂದರು. ಕಾರಣ ಕೇಳಿದವರಿಗೆಲ್ಲ ನಡೆದದ್ದನ್ನು ಹೇಳಿದರು. ನಾನು, ಅಷ್ಟೆಲ್ಲ ಬಿಡಿಸಿ ಹೇಳಬೇಕಾ, ರೈಲ್ವೆಯವರು ಬಿಡ್ತಿಲ್ಲ ಅಂದರೆ ಸಾಲದಾ ಅಂದೆ. ಲೆಕ್ಕದವನ ಬುದ್ಧಿ. ಅವರು ಕೇಳಲಿಲ್ಲ. ಸರಿಯಾಗೇ ಮಾಡಿದರು. ಸುಳ್ಳು ಕಾರಣ ಕೊಟ್ಟಿದ್ದರೆ ಮುಂದೊಂದು ದಿನ "ಈಗ ಬಿಡ್ತಾರಂತೆ" ಅಂತ ಮತ್ತೆ ಶುರು ಮಾಡುವ ಬಾಗಿಲು ತೆರೆದೇ ಇರುತ್ತಿತ್ತು.

ಆ ವರ್ಷದ ಲೆಕ್ಕ ನೋಡಿದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಆದಾಯ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅದಕ್ಕಿಂತ ನೋವಿನ ವಿಷಯ ಅಂದರೆ ಬೇರೆ ಗುಂಪುಗಳು ನಿಲ್ಲಿಸಲಿಲ್ಲ. ಮೇಷ್ಟ್ರ ಹಳೆ ಗಿರಾಕಿಗಳೇ ಅವರ ಜೊತೆ ಹೋದರು. ಅಂಗಡಿ ಮುಂದೆಯೇ ನಿಂತು ಫೋಟೋ ತೋರಿಸಿದವರೂ ಇದ್ದರು. ಭಾವ ಒಂದು ದಿನ ಬಂದು ಕ್ಯಾಲೆಂಡರ್ ಎತ್ತಿ ಹಿಂದೆ ನೋಡಿದರು, ಏನೂ ಅನ್ನದೆ ಮತ್ತೆ ನೇತುಹಾಕಿದರು. ಬೈದಿದ್ರೆ ಚೆನ್ನಾಗಿತ್ತು ಅಂತ ಮೇಷ್ಟ್ರು.

2007ರ ಡಿಸೆಂಬರ್ 8ರಂದು ಪ್ರಯಾಣಿಕರ ರೈಲು ಬಂತು. ಊರಿಗೆಲ್ಲ ಹಬ್ಬ. ಮೇಷ್ಟ್ರು ಅವತ್ತು ಅಂಗಡಿಯಲ್ಲಿ ಟೆಂಟಿನ ತೂತಿಗೆ ತೇಪೆ ಹಾಕುತ್ತಿದ್ದರು.

ಬದಲಿ ಕೆಲಸ ಹುಡುಕಿದ್ದನ್ನು ಉದ್ದಕ್ಕೆ ಹೇಳುವುದಿಲ್ಲ, ಬಹಳಷ್ಟು ಕೈಕೊಟ್ಟವು. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಕುಮಾರ ಪರ್ವತಕ್ಕೆ ಕರೆದೊಯ್ದರು. ನಡೆಯಿತು, ಆದರೆ ಅಲ್ಲಿ ಅವರಂಥವರು ಹತ್ತು ಜನ. ಊಟಿಯ ಪುಟ್ಟ ರೈಲಿಗೆ ಮೈಸೂರಿನಿಂದ ಗುಂಪು ಕಟ್ಟಿದರು, ಟಿಕೆಟ್ಟೇ ಸಿಗುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಅವರೇ ಎಣಿಸದ ವಿಷಯ. ಶಾಲೆಯ ಮಕ್ಕಳನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, 1979ರಲ್ಲಿ ಶುರುವಾದ ಆ ಜಾಗದಲ್ಲಿ ಹಳೆಯ ಉಗಿ ಎಂಜಿನ್ ಪಕ್ಕ ನಿಲ್ಲಿಸಿ, ಬೆಟ್ಟ ಹತ್ತುವ ರೈಲು ಹೇಗೆ ಜಾರದೆ ನಿಲ್ಲುತ್ತೆ ಅಂತ ವಿವರಿಸುವುದು. ಆಮೇಲೆ ನಂಜನಗೂಡಿಗೆ ಹೋಗಿ ಕಪಿಲೆಯ ಮೇಲಿನ ಹಳೆಯ ಕಲ್ಲಿನ ಸೇತುವೆ ತೋರಿಸುವುದು. 1735ರಲ್ಲಿ ಕಟ್ಟಿದ ಆ ಸೇತುವೆಯ ಮೇಲೆ ಒಂದು ಕಾಲಕ್ಕೆ ಗಾಡಿಯೂ ಹೋಗುತ್ತಿತ್ತು, ಮೀಟರ್ ಗೇಜ್ ರೈಲೂ ಹೋಗುತ್ತಿತ್ತು. ಈಗ ರೈಲಿಗೆ ಬೇರೆ ಸೇತುವೆ. ಹಳೆಯದು ಹಾಗೇ ಉಳಿದಿದೆ, ಮಕ್ಕಳು ಕಮಾನು ಎಣಿಸುತ್ತಾರೆ. ಆಟದ ಮೇಷ್ಟ್ರು ಮತ್ತೆ ಮೇಷ್ಟ್ರಾದರು ಅನ್ನಿ.

ನನ್ನ ಲೆಕ್ಕ

ಈ ಪ್ರಕರಣವನ್ನು ಸಣ್ಣ ವ್ಯಾಪಾರದವರ ಮುಂದೆ ನಾನು ಹೇಳುವಾಗ ಎಲ್ಲರೂ ಸೇತುವೆಯ ಮೇಲೇ ನಿಂತುಬಿಡುತ್ತಾರೆ. ಸಹಜ. ಆದರೆ ಕಥೆ ತಿರುಗಿದ್ದು ಅಲ್ಲಲ್ಲ, ಜಲ್ಲಿ ಗಾಡಿ ಬಂದ ದಿನ. ಅವತ್ತು ನಿಲ್ಲಿಸಿದ್ದರೆ ನಷ್ಟ ಆಗುತ್ತಿತ್ತು, ಆದರೆ ಪರ್ಯಾಯ ಹುಡುಕಲು ಕೈಯಲ್ಲಿ ಒಳ್ಳೆ ವರ್ಷದ ದುಡ್ಡು ಇತ್ತು. ಮೂರು ಸಲ ಮುಂದೂಡಿ ನಿಲ್ಲಿಸಿದಾಗ ದುಡ್ಡೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಗೆರೆ ಎಳೆದರೆ ಸಾಲದು, ಅದು ದಾಟಿತೋ ಇಲ್ಲವೋ ಅಂತ ಹೇಳುವವರು ಬೇರೆ ಇರಬೇಕು. ಭಾವನ ಸಹಿ ತಮಾಷೆಗೆ ಬಿದ್ದಿತ್ತು. ಅದೇ ಸಹಿಗೆ, "ಎಂಜಿನ್ ಬಂತಾ ಅಂತ ತೀರ್ಮಾನಿಸೋದು ಭಾವ" ಅನ್ನುವ ಅರ್ಥ ಕೊಟ್ಟಿದ್ದರೆ ಜಲ್ಲಿ ಗಾಡಿಯ ನೆಪ ನಡೆಯುತ್ತಿರಲಿಲ್ಲ. ನನ್ನದೂ ತಪ್ಪಿದೆ. ಹತ್ತರಲ್ಲಿ ಏಳು ಅಂತ ಲೆಕ್ಕ ಕಂಡವನು ನಾನು, ಕೇಳಿದ್ದು ಒಂದೇ ಸಲ, ಅದೂ ಕಾಫಿ ಕುಡಿಯುತ್ತಾ. ಬರೆದು ಕೊಡಬಹುದಿತ್ತು.

ಕೆಲವರು ವಾದ ಮಾಡುತ್ತಾರೆ, ರೈಲ್ವೆಯೇ ಒಂದು ನಡಿಗೆ ದಾರಿ ಮಾಡಿ ಟಿಕೆಟ್ ಇಟ್ಟಿದ್ದರೆ ಇದೆಲ್ಲ ಆಗುತ್ತಿತ್ತಾ ಅಂತ. ಓಡುತ್ತಿರುವ ಒಂಟಿ ಹಳಿಯ ಘಟ್ಟದಲ್ಲಿ ಆ ಮಾತಿಗೆ ಜಾಗ ಇಲ್ಲ. ಆದರೆ ಓಡದೆ ನಿಂತ ಹತ್ತು ವರ್ಷಕ್ಕೆ ಆ ಮಾತು ಸುಳ್ಳಲ್ಲ. ನಿಂತ ದಾರಿಯನ್ನು ಏನು ಮಾಡಬೇಕು ಅಂತ ಯಾರೂ ಹೇಳದಿದ್ದಾಗ, ಅದನ್ನು ಬಳಸುವವರು ತಾವೇ ಕಾನೂನು ಮಾಡಿಕೊಳ್ಳುತ್ತಾರೆ. ದಾರಿ ಮತ್ತೆ ಜೀವಂತವಾದ ದಿನ ಆ ಕಾನೂನು ಅವರನ್ನು ಬಿಡುವುದಿಲ್ಲ.

ಈಗ

ದಾರಿಯ ಭವಿಷ್ಯ ಈಗಲೂ ಪೂರ್ತಿ ಗಟ್ಟಿ ಅಂತ ಹೇಳುವ ಹಾಗಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಯಾವ ಸರಕಿಗಾಗಿ ದಾರಿ ಎದ್ದಿತೋ ಅದೇ ಕಮ್ಮಿಯಾಯಿತು. ಆದರೂ ರೈಲು ನಿಲ್ಲಲಿಲ್ಲ. ನಿಲ್ಲಿಸಿದ್ದು ಮಳೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ಓಡಾಟ ಇರಲಿಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು.

ಮೇಷ್ಟ್ರು ಮತ್ತೆ ಆ ದಾರಿಗೆ ಜನರನ್ನು ಕರೆದೊಯ್ಯುತ್ತಾರೆ, ಈ ಸಲ ಟಿಕೆಟ್ ತೆಗೆದು. 2021ರ ಜುಲೈನಲ್ಲಿ ಬೆಂಗಳೂರು-ಮಂಗಳೂರು ಹಗಲು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿತು. ಮೈಸೂರಿನಿಂದ ಬೆಳಗ್ಗೆ ಹೊರಟು ಹಾಸನದಲ್ಲಿ ಅದನ್ನು ಹತ್ತುವುದು, ಸುಬ್ರಹ್ಮಣ್ಯ ರೋಡಿನಲ್ಲಿ ಇಳಿಯುವುದು. ಅಂಗಡಿಯಲ್ಲಿ ಈಗ ಒಂದು ನಿಯಮ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರವಾಸಕ್ಕೆ ಮುಂಗಡ ತೆಗೆದುಕೊಳ್ಳುವುದಿಲ್ಲ. ಮಳೆಗಾಲದಲ್ಲೇ ಅಲ್ವಾ ಸಾರ್ ಝರಿ ಚೆನ್ನಾಗಿರೋದು ಅಂತ ಜನ ಗೋಗರೆಯುತ್ತಾರೆ. ಇಲ್ಲ. ಹೋಗುವ ಹಿಂದಿನ ದಿನ ಗಾಡಿ ಓಡುತ್ತಿದ್ದರೆ ದುಡ್ಡು ಕೊಡಿ, ಹೋಗೋಣ. ನಿಯಮ ಮುರಿಯಬೇಕೋ ಬೇಡವೋ ಅನ್ನೋದನ್ನು ಅವರ ಮಗಳಿಗೆ ಬಿಟ್ಟಿದ್ದಾರೆ, ಅವಳು ಒಮ್ಮೆಯೂ ಮುರಿದಿಲ್ಲ. 2024ರ ಜುಲೈನಲ್ಲಿ ಬೇರೆ ಕಡೆ ಮುಂಗಡಕ್ಕಾಗಿ ಜಗಳ ನಡೆಯುತ್ತಿದ್ದಾಗ ಇವರು ವಾಪಸ್ ಕೊಡಬೇಕಾದದ್ದು ಏನೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ನಾನೂ ಹೋಗಿದ್ದೆ, ತಂಗಿ ಮಗ ಮತ್ತು ಅವನ ಹೆಂಡತಿ ಜೊತೆ. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಹೋ ಅಂತ ಕಿರುಚುತ್ತಿದ್ದರು. ಒಂದು ಸುರಂಗದಿಂದ ಹೊರಬಿದ್ದ ಕೂಡಲೇ ತಿರುವಿನ ಸೇತುವೆ. ಎಲ್ಲರೂ ಝರಿ ಇರುವ ಕಡೆ ಮೊಬೈಲ್ ಹಿಡಿದರು. ಮೇಷ್ಟ್ರು ಮತ್ತು ನನ್ನ ಅಳಿಯ ಇನ್ನೊಂದು ಕಡೆಯ ಗಾಜಿಗೆ ಹಣೆ ಇಟ್ಟು ಕೆಳಗೆ ನೋಡುತ್ತಿದ್ದರು. ಕಬ್ಬಿಣದ ಕಟಕಟೆ ಒಂದು ಹೋಯಿತು, ಎರಡು ಹೋಯಿತು.

"ಇದೇ ಅಲ್ವಾ ಸಾರ್?" ಅಂದ ಅವನು.

"ಹೂಂ. ನಿನ್ನ ಡಬ್ಬಿ ಇನ್ನೂ ಅಲ್ಲೇ ಇರುತ್ತೆ ಕಣೋ."